ಕೆಂಗೇರಿ ಅಂದ್ರೆ ಮೈಸೂರಲ್ಲ ಸ್ವಾಮಿ!

ನಿನ್ನೆ ಜಯನಗರದಲ್ಲಿ ಒಂದು ಗೃಹಪ್ರವೇಶ. ಚಪ್ಪಲಿ ಬಿಡುವ ಮೊದಲೇ ಚಿಕ್ಕಪ್ಪ ಶುರು ಮಾಡಿದರು: "ಬಂದ್ಯಾ? ಮೈಸೂರಿಂದ ಎಷ್ಟು ಗಂಟೆಗೆ ಹೊರಟೆ?" ಸುತ್ತಲಿದ್ದವರೆಲ್ಲ ಹೋ ಅಂತ ನಕ್ಕರು.

ಸಾಕಪ್ಪಾ ಸಾಕು! ಬೆಂಗಳೂರಿನ ಅಂಚಲ್ಲಿ, ಮೈಸೂರು ರಸ್ತೆಯಲ್ಲಿರೋ ಕೆಂಗೇರಿಯಲ್ಲಿ ಮನೆ ಮಾಡಿದ್ದೇ ತಪ್ಪಾ? ಮೈಸೂರು ಅಲ್ಲಿಂದ ಇನ್ನೂ 100 ಕಿಲೋಮೀಟರಿಗೂ ಜಾಸ್ತಿ ದೂರ. ನಮ್ಮಲ್ಲಿಗೆ 2021ರಲ್ಲೇ ಮೆಟ್ರೋ ಬಂತು. ಈಗ ಅದು ಕೆಂಗೇರಿಯನ್ನೂ ದಾಟಿ ಚಲ್ಲಘಟ್ಟಕ್ಕೆ ಹೋಗುತ್ತದೆ. ಇವರ ಜೋಕು ಮಾತ್ರ ಕೆಟ್ಟು ನಿಂತ ಬಸ್ಸಿನ ಹಾಗೆ ಒಂದಿಂಚೂ ಕದಲಿಲ್ಲ. ಆಫೀಸಿಗೆ ಹೋದರೆ "ಬಿಡದಿ ತಟ್ಟೆ ಇಡ್ಲಿ ತಂದ್ಯಾ?" ತಡವಾದರೆ "ಟೋಲಲ್ಲಿ ಕ್ಯೂ ಇತ್ತಾ?" ಹಬ್ಬಕ್ಕೆ ಕರೆದರೆ "ಪಾಸ್‌ಪೋರ್ಟ್ ಬೇಕಾ?" ಪಾಸ್‌ಪೋರ್ಟಂತೆ! ಹೀಗೆ ಕೇಳುವವರು ಇರೋದೆಲ್ಲಿ? ವೈಟ್‌ಫೀಲ್ಡಲ್ಲಿ, ಸರ್ಜಾಪುರ ರಸ್ತೆಯಲ್ಲಿ! ಅಲ್ಲಿಂದ ಮೆಜೆಸ್ಟಿಕ್ ಏನು ಕೂಗಳತೆಯಲ್ಲಿದೆಯಾ?

ನಗದಿದ್ದರೆ ಇನ್ನೊಂದು ಕಾಟ. "ಅಯ್ಯೋ, ಸುಮ್ನೆ ತಮಾಷೆಗೆ ಅಂದೆ. ಇಷ್ಟಕ್ಕೆಲ್ಲ ಮುಖ ಊದಿಸ್ಕೋತಾರಾ?" ರೇಗಿಸುವವರು ಅವರು, ನಗಬೇಕಾದ ಡ್ಯೂಟಿ ನನ್ನದು! ಅದೂ ಇಷ್ಟು ಹಳೇ ಜೋಕಿಗೆ. ಮುಂದಿನ ವಾರ ಅತ್ತೆ ಮನೆಯಲ್ಲಿ ನಾಮಕರಣ ಬೇರೆ ಇದೆ. ಮದ್ದೂರು ವಡೆ ಎಲ್ಲಿ ಅಂತ ಕೇಳದೆ ಬಿಡ್ತಾರಾ?