ಯುದ್ಧದ ಅಳು ಕನ್ನಡ ಕಾವ್ಯಕ್ಕೆ ಕೇಳಿಸಿದೆಯೇ?

ಪರ
(ಧಾರವಾಡದ ನಿವೃತ್ತ ಕನ್ನಡ ಅಧ್ಯಾಪಕರು)

ಪರವಾಗಿ ಬರೆಯಿರಿ ಎಂದು ಕೇಳಿದಾಗ ಇಲ್ಲವೆನ್ನಲಾಗಲಿಲ್ಲ. ವರ್ಷಗಟ್ಟಲೆ ಹಳಗನ್ನಡ ಪಾಠ ಹೇಳಿದವನು ನಮ್ಮ ಕಾವ್ಯದ ಪರ ನಿಲ್ಲದಿದ್ದರೆ ಹೇಗೆ? ಕಾಳಗದ ವರ್ಣನೆಯಲ್ಲಿ ನಮ್ಮ ಕವಿಗಳು ಕೆಲವು ಕಡೆ ಮೈಮರೆತಿದ್ದಾರೆ, ಅದನ್ನು ಒಪ್ಪುತ್ತೇನೆ. ಹಾಗೆಂದು ಅವರಿಗೆ ಅಳು ಕೇಳಿಸಲೇ ಇಲ್ಲ ಎನ್ನುವುದು ಅನ್ಯಾಯ.

ರನ್ನನ ‘ಗದಾಯುದ್ಧ’ವನ್ನು ತೆಗೆದುಕೊಳ್ಳಿ. ಸಾವಿರ ವರ್ಷದ ಹಿಂದಿನ ಕಾವ್ಯ. ದುರ್ಯೋಧನ ಸಂಜಯನನ್ನು ಜೊತೆಗಿಟ್ಟುಕೊಂಡು ಹೆಣಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಾನೆ. ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣ, ಒಬ್ಬೊಬ್ಬರೇ ಎದುರಾಗುತ್ತಾರೆ. ಮಗ ಲಕ್ಷಣಕುಮಾರನ ಮುಂದೆ ನಿಂತಾಗ, ತಂದೆಗೆ ಮಗ ತರ್ಪಣ ಬಿಡುವುದು ಕ್ರಮ, ನೀನು ಅದನ್ನು ತಿರುವುಮುರುವು ಮಾಡಿದೆಯಲ್ಲ ಎನ್ನುತ್ತಾನೆ. ತರಗತಿಯಲ್ಲಿ ಈ ಪದ್ಯ ಓದುವ ದಿನ ಹಿಂದಿನ ಬೆಂಚಿನವರೂ ಸುಮ್ಮನಾಗುತ್ತಿದ್ದರು.

ವ್ಯಾಸರ ಸ್ತ್ರೀಪರ್ವದಲ್ಲಿ ಹೆಂಗಸರು ಬಿದ್ದ ತಲೆಯನ್ನು ಮುಂಡಕ್ಕೆ ಜೋಡಿಸಿ ನೋಡುತ್ತಾರೆ, ಅದು ಬೇರೆ ಯಾರದ್ದೋ ಎಂದು ತಿಳಿದು ಮತ್ತೆ ಹುಡುಕುತ್ತಾರೆ. ಕುವೆಂಪು ಅವರ ‘ಶ್ಮಶಾನ ಕುರುಕ್ಷೇತ್ರಂ’ ನಡೆಯುವುದೇ ಯುದ್ಧ ಮುಗಿದ ರಣಭೂಮಿಯಲ್ಲಿ. ಭೈರಪ್ಪನವರು 1979ರ ‘ಪರ್ವ’ದಲ್ಲಿ ಅದೇ ಕಥೆಯ ದೈವಿಕತೆಯನ್ನೆಲ್ಲ ಕಳಚಿ ಮನುಷ್ಯರನ್ನಷ್ಟೇ ಉಳಿಸಿದರು.

ಇವೆಲ್ಲ ಅರಮನೆಯ ಅಳು ಎನ್ನುವವರಿದ್ದಾರೆ. ಅವರು ಹಲಗಲಿ ಬೇಡರ ಲಾವಣಿ ಕೇಳಬೇಕು. 1857ರಲ್ಲಿ ಬ್ರಿಟಿಷರು ಆಯುಧ ಕಸಿಯಲು ಬಂದರು, ಬೇಡರು ಒಪ್ಪಲಿಲ್ಲ, ದಂಡು ಊರಿಗೆ ಬೆಂಕಿ ಇಟ್ಟಿತು. ಲಾವಣಿಕಾರ ಆಗ ಏನು ಮಾಡುತ್ತಾನೆ ಗೊತ್ತೇ? ಲೂಟಿಯಾದ ಸಾಮಾನಿನ ಲೆಕ್ಕ ಕೊಡುತ್ತಾನೆ: ಉಪ್ಪು, ಎಣ್ಣಿ, ಅರಿಷಿಣ, ಜೀರಗಿ, ಗಂಗಾಳ, ಚರಗಿ, ಮಂಗಳಸೂತ್ರ, ಬೀಸುಕಲ್ಲು. ಬೀಸುಕಲ್ಲನ್ನೂ ಬಿಡಲಿಲ್ಲವಲ್ಲ ಎಂಬ ಸಂಕಟ ಅಡುಗೆಮನೆ ಬಲ್ಲವನಿಗೇ ಬರುತ್ತದೆ. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನಲ್ಲಿಲ್ಲ.

ವಿರೋಧ
(ಹುಬ್ಬಳ್ಳಿಯ ಶಾಲಾ ಶಿಕ್ಷಕಿ)

ಒಂದು ಲೆಕ್ಕ ಹೇಳುತ್ತೇನೆ. ಒಂದು ಅಕ್ಷೌಹಿಣಿಯಲ್ಲಿ 1,09,350 ಕಾಲಾಳು. ಕುರುಕ್ಷೇತ್ರದಲ್ಲಿ ಸೇರಿದ್ದು ಹದಿನೆಂಟು ಅಕ್ಷೌಹಿಣಿ. ಅಲ್ಲಿಗೆ 19,68,300 ಕಾಲಾಳು. ಇವರಲ್ಲಿ ಒಬ್ಬನ ಹೆಂಡತಿಯ ಹೆಸರು ನಮ್ಮ ಕಾವ್ಯ ಹೇಳಿದೆಯೇ? ಗಾಂಧಾರಿ ಅತ್ತಳು, ಉತ್ತರೆ ಅತ್ತಳು, ದುರ್ಯೋಧನನೂ ಅತ್ತ. ರಾಜರ ಮನೆಯವರು ಅತ್ತರೆ ಅದಕ್ಕೆ ಛಂದಸ್ಸು ಸಿಗುತ್ತದೆ. ಕಾಲಾಳಿನ ಮನೆಯಲ್ಲಿ ಅತ್ತವಳಿಗೆ ಏನೂ ಸಿಗಲಿಲ್ಲ.

ಗದಗ, ಹಾವೇರಿ ಕಡೆ ಯಾವ ಹಳೆಯ ಗುಡಿಗೆ ಹೋದರೂ ಒಂದು ವೀರಗಲ್ಲು ಕಾಣುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದೆದುರು ಕೂತ ವೀರ. ಅವನು ಬಿಟ್ಟು ಬಂದ ಮನೆಯನ್ನು ಕಂಡರಿಸಿದ ಕಲ್ಲನ್ನು ನಾನು ನೋಡಿಲ್ಲ. ನಮ್ಮ ಕಾವ್ಯವೂ ಅದೇ ಉಳಿಯಿಂದ ಕೆತ್ತಿದ್ದು.

ಪರ ಬರೆಯುವವರು ಲಾವಣಿ ತರುತ್ತಾರೆಂದು ನನಗೆ ಗೊತ್ತು. ಲಾವಣಿ ಹಾಡಿದವರ ಗಂಟಲಲ್ಲಿ ಉಳಿಯಿತು, ಪಂಡಿತರು ಅದನ್ನು ಕಾವ್ಯವೆಂದು ಒಪ್ಪಲು ಎಷ್ಟು ಕಾಲ ಬೇಕಾಯಿತು? ಆ ಮಾತು ಇಲ್ಲಿಗೆ ಬಿಡುತ್ತೇನೆ, ಯಾಕೆಂದರೆ ನಾನು ಹೇಳಬೇಕಾದದ್ದು ನಮ್ಮ ದೊಡ್ಡವ್ವನ ಬಗ್ಗೆ.

ಗದಗ ತಾಲ್ಲೂಕಿನ ನಮ್ಮೂರಿಂದ ದೊಡ್ಡಪ್ಪ ಮಿಲಿಟರಿಗೆ ಸೇರಿದ್ದರು. 1971ರ ಡಿಸೆಂಬರಿನಲ್ಲಿ ತಾರು ಬಂತು. ಇಂಗ್ಲಿಷಿನಲ್ಲಿತ್ತು. ಪೋಸ್ಟಿನವನು ಓದಿ ಹೇಳಲು ಮನಸ್ಸಾಗದೆ ಅದನ್ನು ಶಾಲೆಯ ಮಾಸ್ತರರ ಕೈಗೆ ಕೊಟ್ಟ. ಮಾಸ್ತರರು ಹೊಲಕ್ಕೇ ನಡೆದು ಬಂದರು. ದೊಡ್ಡವ್ವ ಮೆಣಸಿನಕಾಯಿ ಬಿಡಿಸುತ್ತಿದ್ದಳು. ಆಗ ಅವಳಿಗೆ ಇಪ್ಪತ್ತೆರಡು. ಖಾರದ ಕೈ ಕಣ್ಣಿಗೆ ಹತ್ತಬಾರದೆಂದು ಮೊಣಕೈಯಿಂದ ಕಣ್ಣು ಒರೆಸಿಕೊಂಡಳಂತೆ. ಇದನ್ನು ನನಗೆ ಹೇಳಿದ್ದು ಅವಳಲ್ಲ, ಅದೇ ಸಾಲಿನಲ್ಲಿ ಕೂತಿದ್ದ ನಮ್ಮವ್ವ. ಆಮೇಲೆ ದೊಡ್ಡಪ್ಪನ ಟ್ರಂಕು ಬಂತು, ಕರಿ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದದ್ದು. ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ತಂದರು. ಈಗ ಅದರಲ್ಲಿ ಶಾವಿಗೆ, ಹಪ್ಪಳ ಇಡುತ್ತಾಳೆ. ನಂಬರು ಮಾಸಿಲ್ಲ. ಅಲ್ಲಿ ಸೋಪು ಹಚ್ಚಿ ತಿಕ್ಕಲು ಯಾರಿಗೂ ಬಿಡುವುದಿಲ್ಲ.

ಪ್ರತಿ ನವೆಂಬರಿನಲ್ಲಿ ಅವಳನ್ನು ಪಿಂಚಣಿಗಾಗಿ ಕರೆದುಕೊಂಡು ಹೋಗುವವಳು ನಾನು. ಬದುಕಿದ್ದೇನೆ ಎಂದು ಪ್ರಮಾಣಪತ್ರ ಕೊಡಬೇಕು. ಕಳೆ ತೆಗೆದು, ರೊಟ್ಟಿ ಬಡಿದು ಹೆಬ್ಬೆಟ್ಟಿನ ಗೆರೆ ಸವೆದಿದೆ, ಯಂತ್ರ ಹಿಡಿಯುವುದಿಲ್ಲ. ಒಂದು ವರ್ಷ ಕೌಂಟರಿನ ಹುಡುಗ ನಾಳೆ ಬರ್ರಿ ಎಂದು ಮೂರು ಸಲ ವಾಪಸು ಕಳಿಸಿದ. ಮೂರನೇ ದಿನ ಬಸ್ಸಿನಲ್ಲಿ ದೊಡ್ಡವ್ವ ಅಂದಳು: “ಅವ ಸತ್ತಾನಂತ ಒಂದ ತಾರಿಗೆ ಎಲ್ಲಾರೂ ನಂಬಿದ್ರವಾ. ನಾ ಬದುಕೀನಂತ ನಂಬಸಾಕ ಎಷ್ಟ ಸಲ ಬರಬೇಕ?”

ಈ ಮಾತು ಯಾವ ಕನ್ನಡ ಪುಸ್ತಕದಲ್ಲಿದೆ? ಬೆಲಾರೂಸಿನ ಲೇಖಕಿ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಎರಡನೇ ಮಹಾಯುದ್ಧಕ್ಕೆ ಹೋಗಿದ್ದ ಸೋವಿಯತ್ ಹೆಂಗಸರ ಮನೆಮನೆಗೆ ಹೋಗಿ, ನೂರಾರು ಜನರ ಮಾತು ಕೇಳಿ ಪುಸ್ತಕ ಮಾಡಿದರು. 2015ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೊಡ್ಡವ್ವನ ಓಣಿಗೆ ಇಷ್ಟು ವರ್ಷದಲ್ಲಿ ಒಬ್ಬ ಲೇಖಕನೂ ಬಂದು ಕೂತಿಲ್ಲ. ಆಗಸ್ಟ್ ಹದಿನೈದಕ್ಕೆ ಶಾಲು ಹೊದಿಸಲು ಬರುತ್ತಾರೆ. ಭಾಷಣವಾಗುತ್ತದೆ. ಅವಳ ಕೈಗೆ ಮೈಕು ಕೊಡುವುದಿಲ್ಲ.

2022ರಲ್ಲಿ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕು ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದಾಗ ದೊಡ್ಡವ್ವ ಅದನ್ನು ಆರಿಸಲು ಹೇಳಿದಳು. ಅವತ್ತು ಉಣ್ಣಲಿಲ್ಲ. “ಓದಾಕ ಹೋದಂವಲ್ಲವಾ” ಎಂದಷ್ಟೇ ಅಂದಳು.

ರನ್ನನನ್ನು ನಾನೂ ಓದಿದ್ದೇನೆ, ಪ್ರೀತಿಯಿಂದಲೇ ಓದಿದ್ದೇನೆ. ಒಂದು ರಾತ್ರಿ ಕರೆಂಟು ಹೋಗಿದ್ದಾಗ ದುರ್ಯೋಧನ ತಮ್ಮನ ಹೆಣದ ಮುಂದೆ ಅಳುವುದನ್ನು ದೊಡ್ಡವ್ವನಿಗೆ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದೆ. ಎದೆಹಾಲು, ಊಟ, ಎಲ್ಲದರಲ್ಲೂ ಅಣ್ಣ ಮೊದಲು, ತಮ್ಮ ಹಿಂದೆ. ಸಾವಿಗೆ ಮಾತ್ರ ತಮ್ಮನೇ ಮುಂದೆ ಹೋದ. ಅವಳು ಪೂರ್ತಿ ಕೇಳಿದಳು. ಸ್ವಲ್ಪ ಹೊತ್ತು ಬಿಟ್ಟು, “ಆ ತಮ್ಮನ ಹೇಣ್ತಿ ಮುಂದ ಹೆಂಗ ಬಾಳೇವ ಮಾಡಿದ್ಲು?” ಎಂದಳು.

ಕಾವ್ಯದಲ್ಲಿ ಅದಿಲ್ಲ ದೊಡ್ಡವ್ವಾ ಎಂದೆ.

“ಇಲ್ಲಾ?” ಎಂದಳು. ಕರೆಂಟು ಬಂದ ಮೇಲೆ ಎದ್ದು ಹಾಲು ಹೆಪ್ಪು ಹಾಕಿದಳು.