ವಾರದ ರಜೆ: ಅಮಾವಾಸ್ಯೆ

ನನ್ನ ಜಾಲತಾಣದ ಮೊದಲ ಕಾಗುಣಿತದ ತಪ್ಪು ಅದರ ಹೆಸರಿನಲ್ಲಿಯೇ ಇದೆ. ಕಲಬುರಗಿಗೆ ಹೊಸದಾಗಿ ಬಂದವರಿಗೆ ಊಟ, ತಿಂಡಿ, ನೋಡತಕ್ಕ ಸ್ಥಳಗಳ ಮಾಹಿತಿಯನ್ನೆಲ್ಲ ಒಂದೆಡೆ ಕೊಡುವ, ಜಾಹೀರಾತಿಲ್ಲದ, ಯಾರ ಹಂಗೂ ಇಲ್ಲದ ಕೈಪಿಡಿಯೊಂದನ್ನು ನಡೆಸಬೇಕೆಂಬ ಉಮೇದಿನಲ್ಲಿ ರಾತ್ರಿ ಹನ್ನೊಂದೂವರೆಗೆ ಹೆಸರು ನೋಂದಾಯಿಸಲು ಕುಳಿತವನು, ಇಂಗ್ಲಿಷ್ ಅಕ್ಷರಗಳಲ್ಲಿ ಊರ ಹೆಸರು ಬರೆಯುವಾಗ ‘ಆರ್’ ಆದ ಮೇಲೆ ಬರಬೇಕಿದ್ದ ‘ಎ’ಯನ್ನು ನುಂಗಿಬಿಟ್ಟೆ. ಹಣ ಕಟ್ಟಿದ ಮೇಲೆ ಹೆಸರನ್ನು ತಿದ್ದಲು ಬರುವುದಿಲ್ಲ, ಬೇಕಿದ್ದರೆ ಇನ್ನೊಂದನ್ನು ಕೊಳ್ಳಬೇಕು ಎಂಬುದು ಮರುದಿನ ತಿಳಿಯಿತು. ನಮ್ಮ ಜನ ಮಾತಿನಲ್ಲಿ ‘ಕಲಬುರ್ಗಿ’ ಎಂದೇ ಅನ್ನುತ್ತಾರಲ್ಲ, ನನ್ನದು ಆಡುನುಡಿಗೆ ಹತ್ತಿರವಾದ ಜಾಲತಾಣ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನವೂ ಅನವಶ್ಯಕವಾಗಿತ್ತು. ಏಕೆಂದರೆ 2014ರ ನವೆಂಬರ್ 1ರಂದು ಹೆಸರು ಅಧಿಕೃತವಾಗಿ ಬದಲಾಗಿ ಇಷ್ಟು ವರ್ಷಗಳಾದರೂ ನನ್ನ ಬಳಗದವರು ಮೊಬೈಲಿನಲ್ಲಿ ಹುಡುಕುವುದು ‘ಗುಲ್ಬರ್ಗಾ’ ಎಂದೇ.

ಜಾಲತಾಣಕ್ಕೆ ಸಿದ್ಧ ಅಚ್ಚೊಂದನ್ನು ಕೊಂಡಿದ್ದೆ. ಅದರಲ್ಲಿ ಪ್ರತಿಯೊಂದು ಸ್ಥಳಕ್ಕೂ ಹೆಸರು, ವಿಳಾಸ, ತೆರೆಯುವ ಮತ್ತು ಮುಚ್ಚುವ ಸಮಯ, ವಾರದ ರಜೆ, ಆರಂಭವಾದ ವರ್ಷ, ದೂರವಾಣಿ ಎಂಬ ಕಲಮುಗಳಿದ್ದವು. ಒಂದು ಕಲಮು ಖಾಲಿ ಉಳಿದರೂ ಅದು ಮುಂದಕ್ಕೆ ಬಿಡುತ್ತಿರಲಿಲ್ಲ. ಆ ಅಚ್ಚನ್ನು ಮಾಡಿದ ಪುಣ್ಯಾತ್ಮ ನಮ್ಮೂರಿನ ಯಾವ ಅಂಗಡಿಯ ಕಟ್ಟೆಯ ಮೇಲೂ ಅರ್ಧ ಗಂಟೆ ಕುಳಿತವನಲ್ಲ.

ಮೊದಲು ಹೋದದ್ದು ಒಂದು ಮಾಲ್ಪುರಿ ಅಂಗಡಿಗೆ. ಅದಕ್ಕೆ ಬೋರ್ಡು ಇಲ್ಲ. ಮಾಲೀಕರು ಬಾಣಲೆಯಿಂದ ಕಣ್ಣು ತೆಗೆಯದೆ ಉತ್ತರಿಸಿದರು.

“ಎಷ್ಟು ಗಂಟೆಗೆ ಬಂದ್ ಮಾಡ್ತೀರಿ, ಕಾಕಾ?”

“ಮಾಲು ಮುಗದ ಮ್ಯಾಲ.”

“ಮಾಲು ಎಷ್ಟಕ್ಕ ಮುಗಿತದ್ರಿ?”

“ಗಿರಾಕಿ ಬಂದಂಗ.”

“ವಾರದಾಗ ಯಾವತ್ತು ರಜಾ?”

“ವಾರದಾಗ ಇಲ್ಲಪ್ಪ. ಅಮಾಸಿಗೊಮ್ಮೆ.”

ವಾರದ ರಜೆಯ ಕಲಮಿನಲ್ಲಿ ಏಳೇ ವಾರಗಳ ಪಟ್ಟಿ ಇತ್ತು. ತಿಥಿಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆ ತಿಂಗಳ ಅಮಾವಾಸ್ಯೆ ಸೋಮವಾರ ಬಿದ್ದಿತ್ತಾದ್ದರಿಂದ, ಹೆಚ್ಚು ವಿಚಾರ ಮಾಡದೆ ಸೋಮವಾರವನ್ನೇ ಒತ್ತಿ ಮುಂದೆ ಹೋದೆ.

ವರ್ಷದ ಕಲಮು ಇನ್ನೂ ಹಟಮಾರಿಯಾಗಿತ್ತು. ಅದರ ಪಟ್ಟಿ 1950ರಿಂದ ಆರಂಭವಾಗುತ್ತಿತ್ತು. ಬಹಮನಿಗಳು 1347ರಲ್ಲಿ ರಾಜಧಾನಿ ಮಾಡಿಕೊಂಡ ಊರಿಗೆ ಇದು ಸಾಲುವುದು ಹೇಗೆ? ಕೋಟೆಯೊಳಗಿನ ಜಾಮಾ ಮಸೀದಿ 1367ರದು. ಸಾಮಾನ್ಯವಾಗಿ ಮಸೀದಿಗಳಿಗಿರುವ ತೆರೆದ ಅಂಗಳವನ್ನು ಬಿಟ್ಟು, ಇಡೀ ಕಟ್ಟಡಕ್ಕೆ ಗುಮ್ಮಟಗಳ ಚಾವಣಿ ಹೊದಿಸಿರುವುದೇ ಅದರ ವಿಶೇಷ. ಇದನ್ನೆಲ್ಲ ಭಕ್ತಿಯಿಂದ ಬರೆದು, ಕಡೆಗೆ ಆರಂಭವಾದ ವರ್ಷ 1950 ಎಂದು ಪ್ರಕಟಿಸಬೇಕಾಯಿತು. ಗೆಳೆಯನೊಬ್ಬ ಫೋನ್ ಮಾಡಿ, ಉದ್ಘಾಟನೆಗೆ ಯಾವ ಮಂತ್ರಿಗಳು ಬಂದಿದ್ದರೆಂದು ಬಹಳ ಗಂಭೀರವಾಗಿ ವಿಚಾರಿಸಿದ. 2009ರ ಬುದ್ಧ ವಿಹಾರ ಮತ್ತು 2019ರ ವಿಮಾನ ನಿಲ್ದಾಣ, ಇವೆರಡು ಮಾತ್ರ ನನ್ನ ಅಚ್ಚಿನ ಮರ್ಯಾದೆ ಉಳಿಸಿದವು.

ವಿಳಾಸದ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ನಾನು ಮಾತನಾಡಿಸಿದ ಅಂಗಡಿಕಾರರ ಪೈಕಿ ಬಹುತೇಕರ ವಿಳಾಸ ‘ಸೂಪರ್ ಮಾರ್ಕೆಟ್ ಹಂತೇಲಿ’ ಎಂಬಲ್ಲಿಗೆ ಆರಂಭವಾಗಿ ಅಲ್ಲಿಗೇ ಮುಗಿಯುತ್ತಿತ್ತು. ಹೊರಗಿನವರು ಆ ಹೆಸರು ಕೇಳಿ ತಣ್ಣನೆಯ ಗಾಳಿ, ಗಾಜಿನ ಬಾಗಿಲು, ತಳ್ಳಿಕೊಂಡು ಹೋಗುವ ಬುಟ್ಟಿಗಾಡಿಗಳನ್ನು ಕಲ್ಪಿಸಿಕೊಳ್ಳುತ್ತಾರೆ. ನಮ್ಮಲ್ಲಿ ಅದು ಒಂದು ಅಂಗಡಿಯ ಹೆಸರಲ್ಲ, ಗದ್ದಲದ ಒಂದು ಇಡೀ ಪೇಟೆಯ ಹೆಸರು.

ನಿಜವಾದ ಆಪತ್ತು ಬಂದದ್ದು ‘ಸ್ವತಂತ್ರ’ ಎಂಬ ಶಬ್ದದಿಂದ. ನನ್ನ ಸೋದರಮಾವನವರದು ಒಂದು ಖಾನಾವಳಿ. ಅದರ ಬಗ್ಗೆ ಬರೆಯದಿದ್ದರೆ ಸಂಬಂಧ ಕೆಡುತ್ತದೆ. ಬರೆದರೆ ನಿಷ್ಪಕ್ಷಪಾತವಾಗಿ ಬರೆಯಬೇಕು. ಮಾವನವರು ಊಟದ ಪಟ್ಟಿಯನ್ನು ಟೈಪಿಂಗ್ ಅಂಗಡಿಯಲ್ಲಿ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಮಾಡಿಸಿ ಕಳಿಸಿದ್ದರು. ಯೂನಿಕೋಡ್‌ಗೆ ಪರಿವರ್ತಿಸದೆ ಹಾಗೆಯೇ ಅಂಟಿಸಿದ್ದರಿಂದ ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿಗಳೆಲ್ಲ ತಲೆಯ ಮೇಲೆ ಚುಕ್ಕಿ, ಬಾಲದಲ್ಲಿ ಕೊಕ್ಕೆ ಇರುವ ಯಾವುದೋ ಯುರೋಪಿನ ಭಾಷೆಯಾಗಿ ಕಾಣಿಸಿಕೊಂಡವು. ಅದನ್ನು ಮಾವನವರು ಕ್ಷಮಿಸಿದರು. ಕ್ಷಮಿಸದೆ ಉಳಿದದ್ದು ನಾನು ಕೊನೆಯಲ್ಲಿ ಸೇರಿಸಿದ ಒಂದೇ ಸಾಲು: ‘ಜೋಳದ ರೊಟ್ಟಿ ರುಚಿಯಾಗಿದೆ, ತುಸು ದಪ್ಪ.’ ಆ ‘ತುಸು’ ಎಂಬ ಮಾತನ್ನು ಅಳೆದು ತೂಗಿ ಹಾಕಿದ್ದೆ. ಯಾರೂ ಅದನ್ನು ಓದಲಿಲ್ಲ.

ಮುಂದಿನ ವಾರ ಮನೆತನದ ಸೀಮಂತವೊಂದರಲ್ಲಿ ಮಾವನವರೇ ಸ್ವತಃ ಬಡಿಸಲು ಬಂದರು. ಸಾಲಿನಲ್ಲಿ ಕುಳಿತವರಿಗೆಲ್ಲ ಕಾಗದದಂಥ ರೊಟ್ಟಿ ಹಾಕುತ್ತ ಬಂದು, ನನ್ನ ತಾಟಿನೆದುರು ನಿಂತು, ಬೇರೆ ಬುಟ್ಟಿಯಿಂದ ಕುಳ್ಳಿನಷ್ಟು ದಪ್ಪದ ರೊಟ್ಟಿಯೊಂದನ್ನು ತೆಗೆದು ಎರಡೂ ಕೈಯಿಂದ ಇಟ್ಟರು. “ತಿನ್ನು ಅಳ್ಯಾ, ಇದು ನಿನ್ನ ಸಲುವಾಗೇ ಮಾಡ್ಸೀನಿ. ಮುಗಿಸಿದ ಮ್ಯಾಲ ಎಷ್ಟು ದಪ್ಪ ಇತ್ತು ಅಂತ ಬರದಾಕು.” ಸ್ವತಂತ್ರ ಬರಹಗಾರನಾದ ನಾನು ಅದನ್ನು ಪೂರ್ತಿ ತಿಂದೆ. ಆ ಸಾಲನ್ನು ಅದೇ ರಾತ್ರಿ ಅಳಿಸಿದೆನೆಂಬುದನ್ನೂ ಮುಚ್ಚಿಡುವುದಿಲ್ಲ.

ಇನ್ನು ದೂರವಾಣಿ. ಮಾದರಿಗೆಂದು ಮೊದಲ ನಮೂದಿನಲ್ಲಿ ನನ್ನದೇ ನಂಬರ್ ಹಾಕಿದ್ದೆ. ಅದನ್ನೇ ನಕಲು ಮಾಡುತ್ತ, ಹೆಸರುಗಳನ್ನಷ್ಟೇ ಬದಲಿಸುತ್ತ ಹೋದದ್ದರಿಂದ, ಹನ್ನೊಂದು ಅಂಗಡಿಗಳ ಮಾಲೀಕ ನಾನೇ ಆಗಿಬಿಟ್ಟೆ. ಬೆಳಿಗ್ಗೆ ಐದೂವರೆಗೆ ಒಬ್ಬರು “ತಹರಿ ಆಗ್ಯಾದೇನ್ರಿ? ನಾಲ್ಕ್ ಮಂದಿಗಿ ಕಟ್ಟಿಡ್ರಿ” ಎಂದು ಹೇಳಿ, ನನ್ನ ಉತ್ತರಕ್ಕೆ ಕಾಯದೆ ಫೋನ್ ಇಟ್ಟರು. ಇನ್ನೊಬ್ಬರು ಹಿಂದಿನ ದಿನದ ಭಜಿಯಲ್ಲಿ ಉಪ್ಪು ಹೆಚ್ಚಾಗಿತ್ತೆಂದು ಬೈದರು, ಕ್ಷಮೆ ಕೇಳಿದೆ. ನಂಬರ್ ತೆಗೆಯಬಹುದಿತ್ತು ನಿಜ, ಆದರೆ ಕಲಮು ಖಾಲಿ ಇದ್ದರೆ ಅಚ್ಚು ಮುಂದಕ್ಕೆ ಬಿಡಬೇಕಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ, ಬೆಂಗಳೂರಿನಿಂದ ಬಂದಿಳಿದ ಒಬ್ಬರು ಬಿಸಿಲಿನಲ್ಲಿ ನಿಂತು ಕರೆ ಮಾಡಿದರು.

“ಸರ್, ಮಾಲ್ಪುರಿ ಅಂಗಡಿ ಹುಡುಕ್ತಾ ಇದ್ದೀನಿ. ನಿಮ್ಮ ನಕ್ಷೆ ನೋಡಿದ್ರೆ ಅಂಗಡಿ ಕೆರೆ ಮಧ್ಯದಲ್ಲಿದೆ.”

ನೋಡಿದೆ. ನಕ್ಷೆಯ ಮೇಲೆ ಗುರುತು ಒತ್ತುವಾಗ ಬೆರಳು ಜಾರಿ, ಮಾಲ್ಪುರಿ ಅಂಗಡಿ ಶರಣಬಸವೇಶ್ವರ ಕೆರೆಯ ನಟ್ಟನಡುವೆ ತೇಲುತ್ತಿತ್ತು.

“ಅದನ್ನ ಬಿಡ್ರಿ ಸರ್ರ. ಸೂಪರ್ ಮಾರ್ಕೆಟಿಗಿ ಬರ್ರಿ. ಯಾರನ್ನರ ಕೇಳ್ರಿ, ತೋರಸ್ತಾರ.”

“ಸೂಪರ್ ಮಾರ್ಕೆಟ್ಟಾ? ಯಾವ ಕಂಪನಿದು ಸರ್?”

ಅವರಿಗೆ ಅರ್ಥ ಮಾಡಿಸಿ, ಆಟೋದವರೊಂದಿಗೆ ನಾನೇ ಮಾತನಾಡಿ, ಬಾಡಿಗೆ ಗೊತ್ತುಮಾಡಿ, ಇಂದು ಬುಧವಾರ, ಅಂಗಡಿ ಖಂಡಿತ ತೆರೆದಿರುತ್ತದೆ ಎಂದು ಭರವಸೆ ಕೊಟ್ಟು ಫೋನ್ ಇಟ್ಟೆ. ಅಡುಗೆಮನೆಯಿಂದ ಹೆಂಡತಿ ಕೂಗಿದಳು:

“ತೆಂಗಿನಕಾಯಿ ತಂದೀರೇನ್ರಿ? ಇವತ್ತ ಅಮಾಸಿ ಅದ.”