ದೊಡ್ಡಪ್ಪನಿಗೆ ಒಂಬತ್ತು ತಲೆ

ಕಾಗದದ ಮೇಲೆ ಮನುಷ್ಯಾಕೃತಿಯನ್ನು ಬರೆಯಬೇಕಾದರೆ ಮೊದಲು ಒಬ್ಬ ಮನುಷ್ಯ ಅಲುಗಾಡದೆ ಕೂರಬೇಕು. ನಮ್ಮ ಕೊಪ್ಪಳದ ಸುತ್ತಮುತ್ತ ಅಷ್ಟು ಹೊತ್ತು ಅಲುಗಾಡದೆ ಇರಬಲ್ಲವರೆಂದರೆ ಕಿನ್ನಾಳದ ಗೊಂಬೆಗಳು ಮಾತ್ರ. ಅವುಗಳ ಮೇಲೆ ನನಗೆ ಗೌರವವಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಸೆಣಬಿನ ಚಿಂದಿಯ ಪುಡಿಗೆ ಹುಣಸೆ ಬೀಜದ ಅಂಟು ಬೆರೆಸಿ ಮಾಡಿದ ಕಿಟ್ಟವನ್ನು ಹಗುರಾದ ಮರಕ್ಕೆ ಬಳಿದು, ಅದರ ಮೇಲೆ ಹತ್ತಿಯ ಚೂರುಗಳನ್ನು ಕೂರಿಸಿ, ಕಲ್ಲುಪುಡಿಯ ಲೇಪ ಕೊಟ್ಟು, ಕಡೆಗೆ ಬಣ್ಣ ಹಚ್ಚುವ ಅಲ್ಲಿನ ಚಿತ್ರಗಾರರು, ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳನ್ನು ಒಂದೇ ಮೈಮೇಲೆ ಒಪ್ಪಂದಕ್ಕೆ ತರುವ ವಿದ್ಯೆಯನ್ನು ತಲೆಮಾರುಗಳಿಂದ ಬಲ್ಲವರು. ಅದನ್ನೇ ನಾನು ಇದ್ದಿಲು, ಶಾಯಿ, ಜಲವರ್ಣ, ಎಣ್ಣೆ ಪೇಸ್ಟಲ್ ಮತ್ತು ಹರಿದ ಕಾಗದಗಳನ್ನು ಕೂಡಿಸಿ ಡ್ರಾಯಿಂಗ್ ಹಾಳೆಯ ಮೇಲೆ ಮಾಡಲು ಹೊರಟವನು. ಅವರ ಮರ ಮಾತನಾಡುವುದಿಲ್ಲ. ನನ್ನ ಮುಂದೆ ಕೂರುವವರು ಮಾತನಾಡುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ದೊಡ್ಡಪ್ಪನವರನ್ನು ಬರೆಯಬೇಕೆಂಬ ಆಸೆ ಹುಟ್ಟಿದ್ದು, ಅವರು ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಒಂದು ಮೊಣಕಾಲೆತ್ತಿ, ಅದರ ಮೇಲೆ ಕೈ ಇಳಿಬಿಟ್ಟು, ಹೋಗಿಬರುವವರನ್ನೆಲ್ಲ ಮಾತನಾಡಿಸುತ್ತ ಕೂರುವ ಭಂಗಿಯನ್ನು ಕಂಡು. ಆದರೆ ಚಿತ್ರ ಬರೆಯುತ್ತೇನೆಂದು ಮುಂಚಿತವಾಗಿ ತಿಳಿಸಿದ ಫಲವಾಗಿ, ಮರುದಿನ ಅವರು ಇಸ್ತ್ರಿಯ ಅಂಗಿ, ಗಂಜಿ ಹಾಕಿದ ಧೋತರ, ಮೊಮ್ಮಗನ ಜವಳದಲ್ಲಿ ಸುತ್ತಿಕೊಂಡಿದ್ದ ಗುಲಾಬಿ ರುಮಾಲು ಮತ್ತು ಎಂದೋ ನಿಂತುಹೋಗಿದ್ದ ಕೈಗಡಿಯಾರದೊಂದಿಗೆ ಬಂದು, ಫೋಟೋ ಸ್ಟುಡಿಯೋದಲ್ಲಿ ನಿಲ್ಲುವ ಹಾಗೆ ಎದೆ ಸೆಟೆಸಿ ನಿಂತುಬಿಟ್ಟರು. ಅವರೊಳಗಿದ್ದ ಕಟ್ಟೆಯ ಮನುಷ್ಯ ಮನೆಯಲ್ಲೇ ಉಳಿದಿದ್ದ.

ಆಕೃತಿಯನ್ನು ಅಳೆಯುವ ರೂಢಿ ಬಹಳ ಹಳೆಯದು. ಪೆನ್ಸಿಲ್ ಹಿಡಿದ ಕೈಯನ್ನು ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಎದುರಿನವರ ತಲೆಯ ಉದ್ದವನ್ನು ಪೆನ್ಸಿಲಿನ ಮೇಲೆ ಹೆಬ್ಬೆರಳಿನಿಂದ ಗುರುತು ಮಾಡಿಕೊಂಡು, ಅದೇ ಅಳತೆಯಿಂದ ಉಳಿದ ದೇಹವನ್ನು ಎಣಿಸುತ್ತ ಬರಬೇಕು. ನಾನು ಹಾಗೆ ಕಣ್ಣು ಮುಚ್ಚಿದ ಕೂಡಲೇ ದೊಡ್ಡಪ್ಪ, “ನನಗ್ಯಾಕಲೇ ಕಣ್ಣು ಹೊಡಿತೀ?” ಎಂದು ಗದರಿದರು. ಅವರನ್ನು ಸಮಾಧಾನಪಡಿಸಿ ಅಳೆಯತೊಡಗಿದರೆ, ರುಮಾಲನ್ನು ತಲೆಯ ಲೆಕ್ಕಕ್ಕೆ ಸೇರಿಸಿದಾಗ ಇಡೀ ಮನುಷ್ಯ ಐದು ತಲೆಗೇ ಮುಗಿದುಹೋಗುತ್ತಿದ್ದರು. ರುಮಾಲನ್ನು ಬಿಟ್ಟರೆ ಅದರೊಳಗೆ ತಲೆ ಎಲ್ಲಿಂದ ಶುರುವಾಗುತ್ತದೆಂದು ತಿಳಿಯುವ ಉಪಾಯವಿರಲಿಲ್ಲ. ಸಾಧಾರಣವಾಗಿ ಮನುಷ್ಯನ ಎತ್ತರ ಅವನ ತಲೆಯ ಏಳೂವರೆ ಪಟ್ಟು ಇರುತ್ತದೆ, ಆದ್ದರಿಂದ ಒಂದು ಗಳಿಗೆ ರುಮಾಲು ತೆಗೆಯಿರಿ ಎಂದು ನಾನು ವಿನಯದಿಂದ ಬೇಡಿಕೊಂಡೆ.

“ಏಳೂವರಿ? ಸಾಡೇಸಾತಿ ಈಗರ ಮುಗ್ಯಾಕ ಬಂದೈತಿ. ಮತ್ತ ಹಚ್ಚಬ್ಯಾಡ ನೀ,” ಎಂದರು ದೊಡ್ಡಪ್ಪ.

ಶನಿಮಹಾತ್ಮನಿಗೂ ಶರೀರದ ಪ್ರಮಾಣಕ್ಕೂ ಸಂಬಂಧವಿಲ್ಲವೆಂದು ವಾದಿಸುವುದಕ್ಕಿಂತ ಲೆಕ್ಕವನ್ನೇ ಬದಲಿಸುವುದು ಲೇಸೆನಿಸಿತು. ನಮ್ಮ ಶಿಲ್ಪಶಾಸ್ತ್ರದಲ್ಲಿ ತಲೆಯ ಬದಲು ತಾಲದ ಅಳತೆಯಿದೆ. ತಾಲವೆಂದರೆ ಗಲ್ಲದಿಂದ ಕೂದಲಿನ ಅಂಚಿನವರೆಗಿನ ಮುಖದ ಉದ್ದ, ಅಂದರೆ 12 ಅಂಗುಲ; ಇಲ್ಲಿ ಅಂಗುಲವೆಂದರೆ ಇಂಚಲ್ಲ, ಆ ಮುಖದ್ದೇ ಹನ್ನೆರಡನೆಯ ಒಂದು ಪಾಲು. ನವತಾಲದ ಮೂರ್ತಿಗೆ ಅಂಥವು ಒಂಬತ್ತು, ಒಟ್ಟು 108 ಅಂಗುಲ. ಮುಖ ತಲೆಗಿಂತ ಗಿಡ್ಡವಾದ್ದರಿಂದ ಈ ಎರಡು ಲೆಕ್ಕಗಳ ನಡುವೆ ಕೇಳಿದಷ್ಟು ಅಂತರ ನೋಡಲು ಇರುವುದಿಲ್ಲ. ಇದನ್ನೆಲ್ಲ ವಿವರಿಸಿದೆನಾದರೂ ದೊಡ್ಡಪ್ಪನ ಕಿವಿಗೆ ಬಿದ್ದದ್ದು ದೇವರು ಮತ್ತು ಒಂಬತ್ತು ಎಂಬ ಎರಡು ಮಾತುಗಳು ಮಾತ್ರ. “ಹಂಗಾರ ನನಗೂ ಒಂಬತ್ತು ತಲಿ ಹಿಡಿ. ಹಾಳಿ ಸಾಲಲಿಲ್ಲಂದ್ರ ಕೆಳಗ ಇನ್ನೊಂದು ಹಚ್ಚು, ರೊಕ್ಕ ನಾ ಕೊಡ್ತೀನಿ,” ಎಂದು ಅಪ್ಪಣೆಯಾಯಿತು. ಶಾಸ್ತ್ರದಲ್ಲಿ ದಶತಾಲವೂ ಇದೆ ಎಂಬುದನ್ನು ನಾನು ಬಾಯಿಬಿಡಲಿಲ್ಲ. ಹತ್ತು ತಲೆಯ ದೊಡ್ಡಪ್ಪನನ್ನು ತಾಳಿಕೊಳ್ಳುವ ಶಕ್ತಿ ನಮ್ಮ ಮನೆತನಕ್ಕಿಲ್ಲ.

ಹೀಗೆ ಅವರ ಪಾದಗಳು ಎರಡನೆಯ ಹಾಳೆಗೆ ಇಳಿದವು. ಎರಡು ಹಾಳೆಗಳನ್ನು ಕೂಡಿಸಿದ್ದು ಮೈದಾಹಿಟ್ಟನ್ನು ಕುದಿಸಿ ಮಾಡಿದ ಅಂಟಿನಿಂದ. ಹಳೆಯ ಬೈಂಡಿಂಗ್‌ನವರು ಅದಕ್ಕೆ ಚೂರು ಮೈಲುತುತ್ತ ಹಾಕುತ್ತಿದ್ದರು, ಹುಳ ಹತ್ತದಿರಲೆಂದು. ಆದರೆ ಒಲೆಯ ಹತ್ತಿರ ವಿಷ ತರಬೇಡವೆಂದು ಅವ್ವ ಹಟ ಹಿಡಿದಿದ್ದಳು. ಮೈದಾ ಅಂಟಿನ ರುಚಿ ಜಿರಲೆಗಳಿಗೆ ಚೆನ್ನಾಗಿ ಗೊತ್ತು. ಅವು ರಾತ್ರಿಯೆಲ್ಲ ದುಡಿದು, ಕಣಕಾಲಿನ ಬಳಿಯ ಬೆಸುಗೆಯನ್ನು ಮಾತ್ರ ಅಚ್ಚುಕಟ್ಟಾಗಿ ಮೆದ್ದು, ಪಾದಗಳನ್ನು ಬೇರ್ಪಡಿಸಿ ನೆಲಕ್ಕೆ ಕೆಡವಿದ್ದವು. ದೊಡ್ಡಪ್ಪ ನೊಂದುಕೊಂಡಾರೆಂದು ನಾನು ಅಂಜುತ್ತಿರುವಾಗ ಅವರ ಮುಖ ಅರಳಿತು. ಸಾಡೇಸಾತಿಯ ಕಡೆಯ ಎರಡೂವರೆ ವರ್ಷ ಶನಿ ಕಾಲಿನಲ್ಲಿರುತ್ತಾನಂತೆ. “ಬಿಟ್ಟ ನೋಡು, ಕಾಲು ತಗೊಂಡ ಹೋದ,” ಎಂದು ಕಾಯಿ ಒಡೆಸಿದರು. ನನ್ನ ಯಾವ ಚಿತ್ರಕ್ಕೂ ಅದಕ್ಕಿಂತ ಒಳ್ಳೆಯ ವಿಮರ್ಶೆ ಈವರೆಗೆ ಬಂದಿಲ್ಲ.

ಇದ್ದಿಲಿನ ಕಥೆ ಬೇರೆ. ಹತ್ತಿಕಟ್ಟಿಗೆಗೆ ನಮ್ಮಲ್ಲಿ ಬರವಿಲ್ಲ. ಕಡ್ಡಿಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಹೊಗೆ ಹೋಗಲು ಒಂದು ತೂತು ಬಿಟ್ಟು ಬೆಂಕಿಯಲ್ಲಿಟ್ಟರೆ, ಗಾಳಿಯಿಲ್ಲದೆ ಸುಟ್ಟು ಮೆತ್ತನೆಯ ಇದ್ದಿಲಾಗುತ್ತವೆ. ಗೆರೆಯೂ ಸೊಗಸಾಗಿ ಬೀಳುತ್ತದೆ, ಆದರೆ ನಿಲ್ಲುವುದಿಲ್ಲ, ಏಕೆಂದರೆ ಇದ್ದಿಲು ಕಾಗದದೊಳಗೆ ಇಳಿಯದೆ ಅದರ ಮೈಮೇಲೆ ಪುಡಿಯಾಗಿ ಕೂತಿರುತ್ತದೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಫ್ಯಾನ್ ಹಾಕಿದರೆ ಮೂಗು, ಗಲ್ಲ ಹಾರಿಹೋಗುತ್ತವೆ. ಹಾಕದಿದ್ದರೆ ಬೆವರಿದ ಮುಂಗೈ ಅರ್ಧ ಚಿತ್ರವನ್ನು ತಾನೇ ಮೆತ್ತಿಕೊಂಡು ಬರುತ್ತದೆ. ಗಂಗಾವತಿ ಕಡೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಮನುಷ್ಯರು ಇಂದಿಗೂ ಉಳಿದಿದ್ದಾರೆಂದರೆ, ಅದಕ್ಕೆ ಆ ಕಾಲದಲ್ಲಿ ಸೀಲಿಂಗ್ ಫ್ಯಾನ್ ಇಲ್ಲದಿದ್ದುದೂ ಒಂದು ಕಾರಣವೆಂಬುದು ನನ್ನ ಖಚಿತ ಅಭಿಪ್ರಾಯ. ಇದ್ದಿಲನ್ನು ಹಿಡಿದು ನಿಲ್ಲಿಸುವ ಸ್ಪ್ರೇ ಇಲ್ಲಿನ ಅಂಗಡಿಗಳಲ್ಲಿ ಸಿಗದಾಗ, ವ್ಯಾನ್ ಗೋ ತನ್ನ ಪೆನ್ಸಿಲ್ ಚಿತ್ರಗಳಿಗೆ ಹಾಲು ಬಳಸುತ್ತಿದ್ದುದು ನೆನಪಾಗಿ, ಕೆನೆ ತೆಗೆದ ಹಾಲನ್ನು ನೀರಿನೊಂದಿಗೆ ಬೆರೆಸಿ ಚಿಮುಕಿಸಿದೆ. ಇದ್ದಿಲು ನಿಂತಿತು. ಇರುವೆಗಳು ಬಂದವು. ಅವನ ಊರಿನಲ್ಲಿ ಇರುವೆಗಳು ಇಷ್ಟು ಶ್ರದ್ಧಾವಂತವಾಗಿರಲಿಲ್ಲವೆಂದು ಕಾಣುತ್ತದೆ. ಅವುಗಳ ಹಿಂದೆಯೇ ನಮ್ಮ ಬೆಕ್ಕು ಬಂದು, ಚಿತ್ರದಲ್ಲಿ ಇಸ್ಪೀಟು ಆಡುತ್ತಿದ್ದ ಮುದುಕನೊಬ್ಬನ ಹೊಟ್ಟೆಯನ್ನು ನೆಕ್ಕಿ ಬೆಳ್ಳಗೆ ಮಾಡಿತು. “ಹಾಲೆಲ್ಲ ಚಿತ್ರಕ್ಕ ಹಾಕು, ನಾವು ಕರೆ ಚಹಾ ಕುಡಿತೀವಿ,” ಎಂದಳು ಅವ್ವ.

ಚಿಗವ್ವನನ್ನು ಬರೆಯುವಾಗ ಇದ್ದಿಲಿನ ಸಹವಾಸವೇ ಬೇಡವೆಂದು ಶಾಯಿಗೆ ಕೈಹಾಕಿದೆ. ಇಂಡಿಯನ್ ಇಂಕ್ ಒಮ್ಮೆ ಒಣಗಿದರೆ ನೀರಿಗೂ ಜಗ್ಗುವುದಿಲ್ಲ, ರಬ್ಬರಿಗೂ ಜಗ್ಗುವುದಿಲ್ಲ. ಚಿಗವ್ವ ಶೇಂಗಾ ಒಡೆಯುತ್ತ ಕೂತಿದ್ದಳು. ಕೂತೇ ಇದ್ದಳು, ಆದರೆ ಕೈಗಳು ಒಂದು ಕ್ಷಣವೂ ಇದ್ದಲ್ಲಿ ಇರಲಿಲ್ಲ. ಪ್ರತಿ ಸಲವೂ ಹೊಸ ಜಾಗದಲ್ಲಿ ಕೈ ಬರೆಯುತ್ತ ಹೋಗಿ ಕಡೆಗೆ ಎದ್ದು ನೋಡಿದರೆ, ಸಿಂಹವೊಂದನ್ನು ಬಿಟ್ಟರೆ ದುರ್ಗೆಗೆ ಬೇಕಾದ ಸಕಲವೂ ಹಾಳೆಯ ಮೇಲಿತ್ತು. ಅಳಿಸಲಾಗದ್ದನ್ನು ಮುಚ್ಚಬೇಕು. ಸೀರೆಯ ಸೆರಗನ್ನು ಅಗಲ ಮಾಡಿ ಹೆಚ್ಚುವರಿ ಕೈಗಳನ್ನೆಲ್ಲ ಅದರಡಿ ಅಡಗಿಸುವುದೆಂದು ನಿಶ್ಚಯಿಸಿ, ಅಟ್ಟದ ಮೇಲಿನ ಹಳೆಯ ಲಗ್ನಪತ್ರಿಕೆಗಳನ್ನು ಇಳಿಸಿದೆ. ಕಂದು ಕಾಗದ, ಬಂಗಾರದ ಅಂಚು, ಉಬ್ಬಚ್ಚಿನ ಗಣಪತಿ: ಅಂಥ ಸೆರಗು ಯಾವ ಬಣ್ಣದಿಂದಲೂ ಬರುವುದಿಲ್ಲ.

ಹೊಳಪು ಕಣ್ಣಿಗೆ ಹೊಡೆಯುತ್ತಿದ್ದುದರಿಂದ, ಅವ್ವನ ಎಲೆಡಬ್ಬಿಯ ಸುಣ್ಣವನ್ನು ತೆಳುವಾಗಿ ಕಲಸಿ ಅದರ ಮೇಲೆ ಎಳೆದೆ. ಲಗ್ನಪತ್ರಿಕೆಯ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿರುತ್ತಾರೆ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ತಲೆಯ ಮೇಲಿನ ಸೆರಗಿನ ಅಂಚಿನಲ್ಲಿ ಅಂಥ ಒಂದು ಮೂಲೆ ಕೂತಿತ್ತು. ನಾನು ನೋಡುತ್ತಿರುವಂತೆಯೇ ಆ ಹಳದಿ ಮೊದಲು ಕಂದಾಗಿ, ಆಮೇಲೆ ರಕ್ತಗೆಂಪಾಗಿ, ಹಸಿ ಸುಣ್ಣದೊಂದಿಗೆ ಮೆಲ್ಲಗೆ ಇಳಿದು ಎಡಗೆನ್ನೆಯ ತುಂಬ ಹರಡಿತು. ಚಿಗವ್ವ ಬಗ್ಗಿ ನೋಡಿ, “ನನ್ನ ಲಗ್ನದಾಗೂ ನಾ ಇಷ್ಟು ನಾಚಿದ್ದಿಲ್ಲ,” ಎಂದಳು.

ಚಿತ್ರಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ ಮೇಲೆ, ಕುಷ್ಟಗಿಯಿಂದ ಬಂದ ಅತ್ತೆಯವರು ಅದರ ಮುಂದೆ ಬಹಳ ಹೊತ್ತು ನಿಂತರು. ಮೆಚ್ಚಿದರೆಂದೇ ನಾನು ತಿಳಿದಿದ್ದೆ. ಅವರು ಓದುತ್ತಿದ್ದರು. ಚಿಗವ್ವನ ಸೊಂಟದ ಮೇಲೆ ‘ಬೆಳಿಗ್ಗೆ 11-35ರ ಶುಭ ಮುಹೂರ್ತದಲ್ಲಿ’ ಎಂದಿತ್ತು. ಭುಜದ ಮೇಲೆ ‘ಆಶೀರ್ವಾದವೇ ಉಡುಗೊರೆ’ ಎಂದಿತ್ತು. ಮೊಣಕಾಲಿನ ಮಡಿಕೆಯಲ್ಲಿ ಅವರ ಹಿರಿಯ ಮಗನ ಹೆಸರು ಅರ್ಧಕ್ಕೆ ಹರಿದು, ಅವನ ಬಿ.ಇ. ಪದವಿ ಪೂರ್ತಿಯಾಗಿ ಕಾಣೆಯಾಗಿತ್ತು. “ನನ್ನ ಮಗನ ಲಗ್ನಪತ್ರಿಕಿ ಹರದು ಆಕಿಗೆ ಸೀರಿ ಉಡಿಸೀಯೇನು?” ಎಂದರು. ಮನೆ ಗಪ್ಪಾಯಿತು. ಸಂಜೆಯ ಚಹಾವನ್ನೂ ಅವರು ಮುಟ್ಟಲಿಲ್ಲ.

ಮುಂದಿನ ಸಲ ಬರುವಾಗ ಅವರ ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ದಪ್ಪನೆಯ ಕಟ್ಟೊಂದಿತ್ತು. ಕಿರಿಯ ಮಗನ ಮದುವೆಯಲ್ಲಿ ಹಂಚಿ ಉಳಿದ ಪತ್ರಿಕೆಗಳು. ಅದನ್ನು ನನ್ನ ಬಣ್ಣದ ತಟ್ಟೆಯ ಪಕ್ಕದಲ್ಲಿಟ್ಟು, ತಮ್ಮ ಹೊಸ ಇಳಕಲ್ ಸೀರೆಯ ನೆರಿಗೆ ಸರಿಮಾಡಿಕೊಂಡು, ಬೆಳಕಿನ ಕಡೆಗಿದ್ದ ಕುರ್ಚಿಯಲ್ಲಿ ಕೂತರು.

“ಹೆಸರು, ಡಿಗ್ರಿ ಎಲ್ಲಾ ಮ್ಯಾಲ ಕಾಣಂಗ ಹಚ್ಚು,” ಎಂದರು. “ಬೀಗರ ಹೆಸರು ಬೇಕಾರ ನೆರಿಗಿ ಒಳಗ ಹೋಗ್ಲಿ.”